ಶನಿವಾರದ ಬ್ಯಾಂಡೇಜು

ವಾರವೆಲ್ಲ ಒಂದು ಹನಿ ಮುಟ್ಟದ ತನ್ನನ್ನು ಕುಡುಕಿ ಅಂದವರ ನಾಲಿಗೆ ಸೇದಿಹೋಗಲಿ ಎಂಬುದು ಆ ನರ್ಸಮ್ಮನ ವಾದ. ಶನಿವಾರ ಗೆಳತಿಯರ ಜೊತೆ ಕೂತರೆ ಮಾತ್ರ ಬಾಟಲಿಯ ತಳ ಕಾಣದೆ ಏಳುತ್ತಿರಲಿಲ್ಲ. ದೇಶದ ಜನ ಹೇಗೆ, ಎಷ್ಟು ಕುಡಿಯುತ್ತಾರೆಂದು ಕೇಳಿಕೊಂಡು ಮೊನ್ನೆ ಆಸ್ಪತ್ರೆಗೆ ಬಂದಿದ್ದ ಸಮೀಕ್ಷೆಯ ಹುಡುಗಿ, "ಕುಡಿದಾಗ ಏನು ಮಾಡಿದ್ದು ಅನ್ನೋದೇ ಮರ್ತುಹೋಗಿದ್ದುಂಟಾ ಮೇಡಂ?" ಎಂದಿದ್ದಳು. "ಅದನ್ನ ದಿನಾ ಕುಡಿಯೋರನ್ನ ಕೇಳಮ್ಮ" ಎಂದು ನಕ್ಕು ಕಳಿಸಿದ್ದಳು ಇವಳು.

ಭಾನುವಾರ ಬೆಳಿಗ್ಗೆ ಸಿಡಿಯುವ ತಲೆ ಹಿಡಿದುಕೊಂಡು ಅಡುಗೆಮನೆಗೆ ಬಂದರೆ, ಮಗಳು ಎಡಗೈಯಲ್ಲಿ ಹಾಲು ಕುಡಿಯುತ್ತಿದ್ದಳು. ಬಲಗೈ ಬೆರಳುಗಳಿಗೆ ಬ್ಯಾಂಡೇಜು ಸುತ್ತಿತ್ತು.

ತಾಯಿ ಹತ್ತಿರ ಬಂದಳು. "ಯಾರೇ ಇದನ್ನ ಕಟ್ಟಿದ್ದು?"

ಕೇಳಿದ ಮೇಲೆ ಕಣ್ಣಿಗೆ ಬಿತ್ತು. ಬಿಚ್ಚುವಾಗ ನೋಯದಿರಲೆಂದು ಟೇಪಿನ ತುದಿಯನ್ನು ಒಳಕ್ಕೆ ಮಡಚಿ ಅಂಟಿಸಿದ್ದರು. ಇಡೀ ವಾರ್ಡಿನಲ್ಲಿ ಹಾಗೆ ಮಡಚುವವಳು ಇವಳೊಬ್ಬಳೇ.

"ನೀನೇ," ಎಂದಳು ಮಗಳು. "ಬಾಗಿಲು ಹಾಕಿದ್ದೂ ನೀನೇ. ನನ್ನ ಕೈ ಅಲ್ಲೇ ಇತ್ತು."

ತಾಯಿ ನಿನ್ನೆಯನ್ನೆಲ್ಲ ತಡಕಾಡಿದಳು. ಗೆಳತಿಯರು ಹೊರಟದ್ದು ನೆನಪಿತ್ತು. ಅಲ್ಲಿಂದಾಚೆಗೆ ಬಾಗಿಲೂ ಇಲ್ಲ, ಮಗುವಿನ ಕೂಗೂ ಇಲ್ಲ, ರಕ್ತವೂ ಇಲ್ಲ. ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ ಕೈ ಇನ್ನೇನೇನು ಮಾಡಿತ್ತೋ.

"ತೋರ್ಸು ಪುಟ್ಟಾ," ಎಂದು ಕೈ ಚಾಚಿದಳು.

ಮಗಳು ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ತಾಯಿಯ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು: "ಅಮ್ಮ, ಇವತ್ತು ಭಾನುವಾರ ತಾನೆ?"