ಗಿಡಿಯನ್‌ನ ಓಟು

"ಮುಂದೆ ಬಾರಪ್ಪ. ಯಾರಿಗೆ ನಿನ್ನ ಓಟು? ಗಟ್ಟಿಯಾಗಿ ಹೇಳು," ಶೆರೀಫ್ ಕೂಗಿದ.

ಕೋರ್ಟಿನ ಅಂಗಳದಲ್ಲಿ ಮೇಜು ಹಾಕಿತ್ತು. ಒಂದು ತುದಿಗೆ ಚುನಾವಣೆಗೆ ನಿಂತ ಎನಾಕ್ ಪೆಟಿಗ್ರೂ, ಇನ್ನೊಂದು ತುದಿಗೆ ಎದುರಾಳಿ ಟಾರೆನ್ಸ್. ಓಟು ಹಾಕುವವನು ಎಲ್ಲರೆದುರು ಹೆಸರು ಹೇಳಬೇಕು. ಆ ಹೆಸರಿನವನು ಎದ್ದು, ಕೈಕುಲುಕಿ, ಉಪಕಾರವಾಯಿತು ಎನ್ನಬೇಕು. ವರ್ಷಗಟ್ಟಲೆ ದೂರದ ರಾಜಧಾನಿ ರಿಚ್ಮಂಡಿನ ಶಾಸನಸಭೆಯಲ್ಲಿ ಕೂತ ಎನಾಕ್‌ಗೆ ಇವತ್ತು ಎದ್ದು ಎದ್ದು ಸೊಂಟ ಹಿಡಿದಿತ್ತು.

"ಟಾರೆನ್ಸ್‌ನ ರಮ್ಮು ಕುಡಿದು ಪೆಟಿಗ್ರೂಗೆ ಓಟು ಹಾಕ್ತೀಯೇನೋ, ಕಳ್ಳ!" ಯಾರೋ ಒಬ್ಬ ಮುದುಕನನ್ನು ರೇಗಿಸಿದರು.

"ರಮ್ಮು ಇಬ್ಬರದ್ದೂ ಕುಡ್ದಿದೀನಿ. ಓಟು ಒಂದೇ ಇರೋದು, ಏನ್ಮಾಡ್ಲಿ?"

ಜನ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಗಿಡಿಯನ್ ಮ್ಯಾಕಾಲ್ ಮೇಜಿನ ಮುಂದೆ ಬಂದು ನಿಂತ. ಎನಾಕ್‌ನ ತೀರಿಹೋದ ಹೆಂಡತಿ ಕೆಜಾಯಾಳ ತಮ್ಮ. ನಗು ಅಡಗಿತು.

ಊರಿಗೆಲ್ಲ ಗೊತ್ತಿದ್ದದ್ದೇ. ಹೋದ ವರ್ಷದ ಚಳಿಗಾಲ ಕೆಜಾಯಾ ಜ್ವರದಲ್ಲಿ ಮಲಗಿದಾಗ ಗಿಡಿಯನ್ ಕುದುರೆ ಹತ್ತಿ ರಿಚ್ಮಂಡಿಗೇ ಹೋಗಿದ್ದ. "ಅಕ್ಕ ನಿನ್ನೇ ಕೇಳ್ತಿದಾಳೆ, ಬಾ ಭಾವ," ಎಂದು ಅಂಗಲಾಚಿದ್ದ. ಊರಿನ ಹೊಳೆಗೆ ಸೇತುವೆ ಕಟ್ಟುವ ಮಸೂದೆ ಮಾರನೆಯ ದಿನ ಸಭೆಗೆ ಬರುವುದಿತ್ತು. "ಇದೊಂದು ಮುಗಿಸಿ ಬರ್ತೀನಿ ಕಣೋ," ಎಂದ ಎನಾಕ್. ಚರ್ಚೆ ಎಳೆಯಿತು, ದಿನಗಳು ಕಳೆದವು. ಮಸೂದೆ ಪಾಸಾಯಿತು. ಇತ್ತ ಹೊಳೆ ಉಕ್ಕಿ, ದೋಣಿ ನಿಂತು, ವೈದ್ಯ ಆಚೆ ದಡದಲ್ಲೇ ಉಳಿದ. ಎನಾಕ್ ಬಂದಾಗ ಮಣ್ಣು ಮುಚ್ಚಿಯಾಗಿತ್ತು.

ಅಂದಿನಿಂದ ಗಿಡಿಯನ್ ಅವನ ಹೊಸ್ತಿಲು ತುಳಿದಿಲ್ಲ, ಎದುರಿಗೆ ಸಿಕ್ಕರೂ ಮಾತಿಲ್ಲ. ಎನಾಕ್‌ಗೆ ಅವನ ಓಟು ಬೇಕಿರಲಿಲ್ಲ. ಬೈದಾದರೂ ಸರಿ, ಒಂದು ಸಲ ಭಾವ ಎಂದರೆ ಸಾಕಿತ್ತು.

"ಯಾರಿಗಪ್ಪ?" ಶೆರೀಫ್ ಮೆಲ್ಲಗೆ ಕೇಳಿದ.

"ಎನಾಕ್ ಪೆಟಿಗ್ರೂಗೆ." ಯಾವುದೋ ದೂರದೂರಿನವನ ಹೆಸರು ಹೇಳಿದಂತಿತ್ತು. "ಸೇತುವೆ ಅರ್ಧಕ್ಕೆ ನಿಂತಿದೆ. ಮುಗೀಲಿ. ಇನ್ನೊಬ್ಬರ ಅಕ್ಕ ಹಂಗೆ ಸಾಯೋದು ಬೇಡ."

ಎನಾಕ್ ಎದ್ದು ಕೈ ಚಾಚಿದ. "ಗಿಡಿಯನ್, ನಾನು ಅವತ್ತು..."

"ಎಲ್ಲರಿಗೂ ಹೇಳ್ದಂಗೆ ಹೇಳಿ ಸ್ವಾಮಿ. ಹಿಂದೆ ಜನ ಕಾಯ್ತಿದಾರೆ."

"ಉಪಕಾರವಾಯ್ತು, ಗಿಡಿಯನ್ ಮ್ಯಾಕಾಲ್."

ಗಿಡಿಯನ್ ಆ ಕೈಯನ್ನು ಮುಟ್ಟಿ ಬಿಟ್ಟ. ಟೋಪಿ ಹಾಕಿಕೊಂಡು ಜನರ ನಡುವೆ ಹೊರಟುಹೋದ.

ಮುಂದಿನವನು ಟಾರೆನ್ಸ್‌ನ ಹೆಸರು ಹೇಳಿದ. ಟಾರೆನ್ಸ್ ಎದ್ದು ಕೈಕುಲುಕಿ ಕೂತ. ಎನಾಕ್ ಇನ್ನೂ ನಿಂತೇ ಇದ್ದ, ಚಾಚಿದ ಕೈ ಹಾಗೇ ಇತ್ತು.