ನಲವತ್ತೇಳು ಇಂಚಿನ ಕೆರೆ

ಒಳಾಂಗಣ ವಿನ್ಯಾಸಕಾರ ಮೊದಲ ದಿನ ಬಂದಾಗ ಗೋಡೆ ಅಳೆಯಲಿಲ್ಲ, ಮನೆಯವರ ಕಣ್ಣು ಅಳೆದ. ನೆಲದಿಂದ ಕಣ್ಣಿನವರೆಗೆ ಟೇಪು ಹಿಡಿದು, ಬಂದ ಅಂಕಿಯನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವನ ಪದ್ಧತಿ. ನಿಂತಾಗ ಮಗನದು ಅರವತ್ತನಾಲ್ಕು ಇಂಚು, ಸೊಸೆಯದು ಐವತ್ತೆಂಟು. ಅತ್ತೆ ಮಾತ್ರ ತಮ್ಮ ಕಬ್ಬಿಣದ ಕುರ್ಚಿಯಿಂದ ಏಳಲಿಲ್ಲ.

“ನಿಂತು ನೋಡೋ ಕೆಲಸಕ್ಕೆ ನನ್ನ ಮಂಡಿ ರಜಾ ಹಾಕಿ ಹತ್ತು ವರ್ಷ ಆಯ್ತು. ಕೂತಲ್ಲೇ ಅಳ್ಕೊಳ್ಳಪ್ಪ.”

ನಲವತ್ತೇಳು ಇಂಚು. ಅವನು ಬರೆದುಕೊಂಡು ಅದರ ಕೆಳಗೆ ಎರಡು ಗೆರೆ ಎಳೆದ.

ಆ ಕುರ್ಚಿಗೂ ಒಂದು ಸೇವಾವಧಿ ಇತ್ತು. ಅತ್ತೆ ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಅದರ ಮೇಲೆ ಕೂತಿದ್ದರು. ನಿವೃತ್ತಿಯ ದಿನ ಕುರ್ಚಿಯೂ ಅವರ ಜೊತೆಗೇ ಮನೆಗೆ ಬಂದು ಬೀದಿ ಕಡೆಯ ಕಿಟಕಿಯ ಪಕ್ಕ ನಿಂತಿತು. ಯಾರ ಮನೆಗೆ ಹೊಸ ಫ್ರಿಜ್ ಇಳಿಯಿತು, ಯಾರ ಮಗ ಯಾರ ಸ್ಕೂಟರಿನಿಂದ ಮೂಲೆಯಲ್ಲೇ ಇಳಿದು ನಡೆದು ಬಂದ ಎಂಬ ವರದಿ ಮಧ್ಯಾಹ್ನದ ಊಟದ ಹೊತ್ತಿಗೆ ಸಿದ್ಧವಾಗಿರುತ್ತಿತ್ತು.

ಹೊಸ ನಕ್ಷೆಯಲ್ಲಿ ಆ ಕಿಟಕಿ ಇರಲಿಲ್ಲ. ಆ ಜಾಗಕ್ಕೆ ಪುಸ್ತಕದ ಕಪಾಟು ಬಂದಿತ್ತು. ಬದಲಿಗೆ ಹಿಂಬದಿಯ ಬೋಳು ಗೋಡೆಯಲ್ಲಿ ಎಂಟಡಿ ಅಗಲ, ಮೂರಡಿ ಎತ್ತರದ ಗಾಜು. ಮನೆ ಇದ್ದದ್ದು ಏರಿನ ಮೇಲಿನ ಕಟ್ಟಡದ ಎರಡನೇ ಮಹಡಿಯಲ್ಲಿ. ಹಿಂದೆ ಅರ್ಧ ಮೈಲಿ ದೂರಕ್ಕೆ ಕೆರೆ. ಕಟ್ಟಡದ ಬುಡದಲ್ಲಿ ತುಕ್ಕು ಹಿಡಿದ ತಗಡಿನ ಶೆಡ್ಡುಗಳು.

“ಗಾಜಿನ ಕೆಳ ಅಂಚು ನಲವತ್ಮೂರು ಇಂಚಿಗೆ ನಿಲ್ಲುತ್ತೆ. ಶೆಡ್ಡು ಪೂರ್ತಿ ಮರೆ, ಕೆರೆ ಸೀದಾ ಮನೆಯೊಳಗೆ. ಹಾಲಲ್ಲಿ ಕೂತಿದ್ರೂ ದಡದಲ್ಲಿ ಕೂತ ಹಾಗಿರಬೇಕು,” ಎಂದ ವಿನ್ಯಾಸಕಾರ.

“ಕೆರೆಗೆ ಯಾರಾದ್ರೂ ಫ್ರಿಜ್ ತರ್ತಾರಾ?” ಎಂದರು ಅತ್ತೆ.

ಸೊಸೆಗೆ ಆ ಗಾಜಿನ ಮೇಲೆ ಜೀವ. ಅವಳು ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. “ಅತ್ತೆ, ಆ ಕಿಟಕಿ ಬಿಟ್ಕೊಡಿ. ಕೂತಲ್ಲೇ ನಿಮಗೆ ಕೆರೆ ಕಾಣದೇ ಹೋದ್ರೆ ನಾನೇ ಸುತ್ತಿಗೆ ಹಿಡಿದು ಕಪಾಟು ಒಡೆದು ನಿಮ್ಮ ಬೀದಿ ವಾಪಸ್ ಕೊಡ್ತೀನಿ.”

“ಆಮೇಲೆ ಹಾಗಂದಿರಲಿಲ್ಲ ಅನ್ನಬಾರದು.”

“ಅಂದ್ರೆ ಕೇಳಿ.”

“ನಾನಂತೂ ಸಾಕ್ಷಿಗೆ ಬರಲ್ಲ,” ಎಂದು ಮಗ ಎದ್ದು ಒಳಗೆ ಹೋದ.

ಕೆಲಸ ಎರಡೂವರೆ ತಿಂಗಳು ಹಿಡಿಯಿತು. ಅಷ್ಟೂ ದಿನ ಮನೆಯವರು ಬಾಡಿಗೆ ಮನೆಯಲ್ಲಿದ್ದರು. ಕೊನೆಯ ವಾರ ವಿನ್ಯಾಸಕಾರ ಹಳೆಯ ಸಾಮಾನುಗಳನ್ನು ನೋಡಿ ತಲೆ ಅಲ್ಲಾಡಿಸಿದ. “ಪ್ರಕೃತಿಗೆ ಹತ್ತಿರ ಇರಬೇಕು ಅಂದ್ರೆ ನೆಲಕ್ಕೆ ಹತ್ತಿರ ಕೂರಬೇಕು, ಮೇಡಂ. ಎತ್ತರದ ಕುರ್ಚಿ ಒಂದೂ ಬೇಡ. ಆ ಕಬ್ಬಿಣದ್ದಂತೂ ಕಣ್ಣಿಗೆ ಚುಚ್ಚುತ್ತೆ.” ಬೀದಿಯೇ ಹೋದ ಮೇಲೆ ಕುರ್ಚಿ ಯಾಕೆ ಎಂದು ಅತ್ತೆಯೂ ಒಪ್ಪಿದರು; ಕಬ್ಬಿಣದ ಕುರ್ಚಿ ಬೀದಿ ಕೊನೆಯ ಟೈಲರ್ ಅಂಗಡಿಗೆ ಹೋಯಿತು. ಹಾಲಿಗೆ ತಗ್ಗಿನ ಸೋಫಾ ಬಂತು, ಊಟದ ಮನೆಗೆ ಗಾಜಿಗೆ ಬೆನ್ನು ಮಾಡಿದ, ಗೋಡೆಗೆ ಕೂಡಿಸಿದ ಬೆಂಚು.

ಗೃಹಪ್ರವೇಶಕ್ಕೆ ಬಂದವರೆಲ್ಲ ಗಾಜಿನ ಮುಂದೆ ನಿಂತು ಬಾಯಿ ತುಂಬ ಹೊಗಳಿದರು. ಅತ್ತೆ ಸೋಫಾದಲ್ಲಿ ಕೂತರು, ಸ್ವಲ್ಪ ಹೂತರು, ಎದುರಿಗೆ ನೋಡಿದರು.

“ಹೇಗಿದೆ ಅತ್ತೆ?”

“ತುಂಬಾ ಚೆನ್ನಾಗಿದೆ.”

ಮಾರನೇ ದಿನದಿಂದ ಊಟದ ಹೊತ್ತಿನ ವರದಿಯೂ ಬದಲಾಯಿತು. “ಇವತ್ತು ಮೋಡ ಮೂರು. ಒಂದು ದೊಡ್ಡದು, ಎರಡು ಅದರ ಮಕ್ಕಳು.” “ಇವತ್ತು ಕಾಗೆ ಒಂದೇ. ನಿನ್ನೆದೇ ಇರಬೇಕು.” ಅಮ್ಮ ಎಷ್ಟು ಶಾಂತವಾಗಿದ್ದಾರೆ ಎಂದು ಮಗ ಹಿಗ್ಗಿದ. ಸೊಸೆಗೆ ಮಾತ್ರ ಏನೋ ಕೊರೆಯುತ್ತಿತ್ತು. ಬೀದಿಯ ನಾಯಿಗಳಿಗೂ ಹೆಸರಿಟ್ಟಿದ್ದ ಹೆಂಗಸು ಕೆರೆಯ ಒಂದು ಬಾತುಕೋಳಿಯ ಸುದ್ದಿಯನ್ನೂ ತಂದಿರಲಿಲ್ಲ.

ಎಂಟನೇ ದಿನ, ಅತ್ತೆ ಸ್ನಾನಕ್ಕೆ ಹೋಗಿದ್ದಾಗ, ಸೊಸೆ ಅದೇ ಜಾಗದಲ್ಲಿ ಕೂತಳು. ಕೆರೆ ಇರಲಿಲ್ಲ. ಆಚೆ ದಡದ ಮರಗಳೂ ಇರಲಿಲ್ಲ. ಎಂಟಡಿ ಅಗಲ, ಮೂರಡಿ ಎತ್ತರದ ಶುದ್ಧ ಆಕಾಶ ಮಾತ್ರ ಇತ್ತು.

ಅತ್ತೆ ಹೊರಗೆ ಬಂದಾಗ ಸೊಸೆಯ ಕೈಯಲ್ಲಿ ಸುತ್ತಿಗೆ ಇತ್ತು.

“ಇದ್ಯಾಕೆ ನನಗೆ ಮೊದಲೇ ಹೇಳಲಿಲ್ಲ?”

“ಹೇಳಿದ್ರೆ ನೀನು ಒಡೆಯೋಳೇ. ನಿನ್ನ ಹಟ ನನಗೆ ಗೊತ್ತಿಲ್ವಾ? ಪಾಪ, ಪೇಂಟಿನ ವಾಸನೆ ಇನ್ನೂ ಹೋಗಿಲ್ಲ.”

“ನಾನು ಮಾತು ಕೊಟ್ಟಿದ್ದೀನಿ ಅತ್ತೆ!”

“ಅದಕ್ಕೇ ಸುಮ್ಮನಿದ್ದೆ ಕಣೇ. ಇರಲಿ ಬಿಡು, ಮೋಡಾನೂ ಒಂದು ಜನಾನೇ.”

ಮಗ ಬಂದು ಕಪಾಟಿಗೆ ಅಡ್ಡ ನಿಂತು, ಒಂದು ಕೈಯಲ್ಲಿ ಸುತ್ತಿಗೆ ತಡೆದು, ಇನ್ನೊಂದು ಕೈಯಲ್ಲಿ ವಿನ್ಯಾಸಕಾರನಿಗೆ ಫೋನು ಮಾಡಿದ.

ವಿನ್ಯಾಸಕಾರ ಟೇಪು ಸಮೇತ ಬಂದ. ಅಂಚು ನಲವತ್ಮೂರೇ ಇಂಚಿಗಿತ್ತು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆಮೇಲೆ ಅತ್ತೆಯನ್ನು ಸೋಫಾದಲ್ಲಿ ಕೂರಿಸಿ ಕಣ್ಣು ಅಳೆದ. ನಲವತ್ತು. ಇನ್ನೊಮ್ಮೆ ಅಳೆದ. ಟೇಪು ಕರುಣೆ ತೋರಲಿಲ್ಲ.

“ಏಳು ಇಂಚು ಎಲ್ಲಿ ಹೋಯ್ತಪ್ಪ?” ಎಂದು ಅತ್ತೆ ಕೇಳಿದರು. “ನಾನು ಕುಗ್ಗಿಲ್ಲ. ನನ್ನ ರವಿಕೆ ಅಳತೆ ಅದೇ ಇದೆ.”

ಅವನು ಪುಟ್ಟ ಪುಸ್ತಕ ತೆಗೆದು, ಎರಡು ಗೆರೆ ಎಳೆದ ಅಂಕಿಯನ್ನು ನೋಡಿದ. ಕುರ್ಚಿಯ ಎತ್ತರ ಇಪ್ಪತ್ತು ಇಂಚು. ಸೋಫಾ ಹೂತ ಮೇಲೆ ಹದಿಮೂರು. ಯಾವ ಕುರ್ಚಿಯ ಅಳತೆ ಹಿಡಿದು ಕೆರೆಯನ್ನು ಮನೆಗೆ ಕರೆದಿದ್ದನೋ ಅದನ್ನೇ ತಾನು ಹೊರಗೆ ಹಾಕಿಸಿದ್ದ. ಅವನ ಕಿವಿ ಕೆಂಪಾದವು.

ಗಾಜನ್ನು ಕೆಳಗಿಳಿಸೋಣ ಎಂದರೆ ಅಂಚಿನ ಕೆಳಗೆ ಕಾಂಕ್ರೀಟಿನ ತೊಲೆ. ಎರಡು ದಿಂಬು ಹಾಕಿ ಕೂರಿಸಿದರೆ, ಕುರ್ಚಿಗಿದ್ದಂತೆ ಕಾಲಿಡುವ ಕಂಬಿ ಇಲ್ಲದೆ ಅತ್ತೆಯ ಕಾಲು ತೂಗಾಡಿದವು. “ನಾನೇನು ಅಂಗಡೀಲಿಟ್ಟ ಗೊಂಬೆನಾ? ಇಳಿಸಿ,” ಎಂದರು. ಇನ್ನೊಂದು ಕುರ್ಚಿ ಮಾಡಿಸಿಕೊಡುತ್ತೇನೆ ಎಂದು ವಿನ್ಯಾಸಕಾರ ಅಂದಾಗ ಅವರು ಕೈ ಅಡ್ಡ ಆಡಿಸಿದರು. “ಮೂವತ್ತೊಂದು ವರ್ಷ ನನ್ನ ಸೊಂಟ ಆ ಕುರ್ಚಿಗೆ ಒಗ್ಗಿದೆ. ಕೊಡೋದಾದ್ರೆ ಅದನ್ನೇ ಕೊಡು.”

ಎಲ್ಲರೂ ಟೈಲರ್ ಅಂಗಡಿಗೆ ಹೋದರು. ಟೈಲರ್ ಹೊಲಿಗೆ ಯಂತ್ರದ ಮುಂದೆ ಕಬ್ಬಿಣದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ.

“ಅಮ್ಮ, ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ? ಇದು ಬಂದ ಮೇಲೆ ನನ್ನ ಬೆನ್ನುನೋವೇ ಹೋಗಿದೆ. ಬೇಕಾದ್ರೆ ನಾಲ್ಕು ದಿಂಬಿನ ಕವರ್ ಹೊಲಿದುಕೊಡ್ತೀನಿ, ಕುರ್ಚಿ ಮಾತ್ರ ಕೇಳಬೇಡಿ.”

“ನಿನ್ನ ಬೆನ್ನಿಗೆ ಮೆತ್ತನೆ ಸೋಫಾ ಕೊಡ್ತೀನೋ.”

“ಸೋಫಾ ಮೇಲೆ ಕೂತು ಬಟ್ಟೆ ಹೊಲಿಯೋಕಾಗುತ್ತಾ? ನಿದ್ದೆ ಹೊಲೀಬಹುದು ಅಷ್ಟೆ.”

ಸೊಸೆಯ ಮುಖ ಸಣ್ಣದಾಯಿತು. ಮನೆಯಲ್ಲಿ ಸುತ್ತಿಗೆ ಇನ್ನೂ ಕಪಾಟಿನ ಮುಂದೆಯೇ ಇತ್ತು. ವಿನ್ಯಾಸಕಾರ ಅವಳ ಕಡೆ ಒಮ್ಮೆ ನೋಡಿ, ಕಾರು ಹತ್ತಿ ಹೊರಟು ಹೋದ.

ಇಪ್ಪತ್ತು ನಿಮಿಷದ ನಂತರ ಅವನು ತನ್ನ ಕಚೇರಿಯ ಕುರ್ಚಿಯನ್ನು ಕಾರಿನಿಂದ ಇಳಿಸಿದ. ಚಕ್ರ, ಕೈಯಾಸರೆ, ತಲೆಗೆ ದಿಂಬು ಎಲ್ಲ ಇದ್ದ ಕಪ್ಪು ಕುರ್ಚಿ.

ಟೈಲರ್ ಕತ್ತರಿ ಕೆಳಗಿಟ್ಟ. “ತಿರುಗುತ್ತಾ?”

“ತಿರುಗುತ್ತೆ.”

“ಎತ್ತರ?”

ವಿನ್ಯಾಸಕಾರ ಪಕ್ಕದ ಹಿಡಿ ಎಳೆದ. ಕುರ್ಚಿ ಉಸ್ಸೆಂದು ಮೇಲೆದ್ದಿತು. ಟೈಲರ್ ಕಬ್ಬಿಣದ ಕುರ್ಚಿಯಿಂದ ಎದ್ದಿದ್ದೇ ಯಾರಿಗೂ ಗೊತ್ತಾಗಲಿಲ್ಲ.

“ಇನ್ನು ನೀನೆಲ್ಲಿ ಕೂರ್ತೀಯಪ್ಪ?” ಎಂದು ಅತ್ತೆ ವಿಚಾರಿಸಿದರು.

“ಕಚೇರೀಲಿ ಒಂದು ಸ್ಟೂಲ್ ಇದೆ ಅಮ್ಮ. ಒಂಬತ್ತು ಇಂಚಿಂದು.”

“ಒಳ್ಳೇದಾಯ್ತು. ಪ್ರಕೃತಿಗೆ ಹತ್ತಿರ.”

ಸಂಜೆ ಐದಕ್ಕೆ ಕಬ್ಬಿಣದ ಕುರ್ಚಿ ಹಾಲಿನ ನಟ್ಟನಡುವೆ ನಿಂತಿತು. ತಿಳಿ ಬಣ್ಣದ ಸೋಫಾದ ಪಕ್ಕ ಅದು ಕಣ್ಣಿಗೆ ಚುಚ್ಚುತ್ತಿತ್ತು. ಅತ್ತೆ ಕೂತರು. ವಿನ್ಯಾಸಕಾರ ಅಳೆದ: ನಲವತ್ತೇಳು.

ಅತ್ತೆ ಎದುರಿಗೆ ನೋಡಿದರು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಸೊಸೆ ಕಪಾಟಿನ ಕಡೆ ನೋಡಿದಳು, ಮಗ ಸುತ್ತಿಗೆಯ ಕಡೆ ನೋಡಿದ.

“ಏನಾದ್ರೂ ಹೇಳಿ ಅತ್ತೆ.”

“ಶ್! ಆ ನೀಲಿ ದೋಣಿಯವನು ಹೋಗುವಾಗ ಒಬ್ಬನೇ ಇದ್ದ. ಈಗ ಬರುವಾಗ ಇಬ್ಬರಿದ್ದಾರೆ,” ಎಂದು ಅತ್ತೆ ಮುಂದಕ್ಕೆ ಬಾಗಿದರು. “ಬೇಗ ನನ್ನ ಕನ್ನಡಕ ತಾರೇ!”

ಸೊಸೆ ಸುತ್ತಿಗೆಯನ್ನು ಪೆಟ್ಟಿಗೆಗೆ ಹಾಕಿ, ಕನ್ನಡಕ ತರಲು ಓಡಿದಳು.