ಕುಕ್ಕರಿಗೆ ಬಂದ ಒಂಬತ್ತು ಫೋನು

ಬಳ್ಳಾರಿ ನಗರದ ಚರಿತ್ರೆ ಬರೆಯುವವರು ಇದನ್ನು ಬಿಡಬಾರದು: ಹೋದ ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ, ಕೌಲ್ ಬಜಾರಿನ ಒಂದು ಮನೆಯ ಪಡಸಾಲೆಯಲ್ಲಿ, ಟಿವಿಯ ಪ್ಲಗ್ ಕಿತ್ತು ಆ ಜಾಗದಲ್ಲಿ ಸ್ಲೋ ಕುಕ್ಕರಿನ ಪ್ಲಗ್ ಹಾಕಲಾಯಿತು. ಒಳಗೆ ಎರಡು ಕಿಲೋ ಹಂದಿ ಖಂಡವಿತ್ತು.

ಹಾಕಿದವಳು ಜ್ಯೋತಿಲಕ್ಷ್ಮಿ, ಬ್ಯಾಂಕಿನ ಅಧಿಕಾರಿ. ಅವಳಿಗೆ ಬಡ್ತಿ ಬಂದಿತ್ತು, ಆದರೆ ಸಿರುಗುಪ್ಪ ಶಾಖೆಗೆ. ಗುರುವಾರದೊಳಗೆ ಒಪ್ಪಿಗೆ ತಿಳಿಸಬೇಕು. ದಿನಾ ಹೋಗಿಬಂದರೆ ಮನೆ ಸೇರುವುದು ಸಂಜೆ ಏಳಕ್ಕೆ. ಅತ್ತೆ ಉಚ್ಚೆಂಗೆಮ್ಮನಿಗೆ ಮೊಣಕಾಲು ನೋವು, ಒಲೆಯ ಮುಂದೆ ನಿಲ್ಲಲಾಗದು. ಗಂಡ ತಿಪ್ಪೇಶ ಬೇಡವೆಂದೇನೂ ಹೇಳಲಿಲ್ಲ. ರಾತ್ರಿ ಊಟದ ಕತೆ ಏನು ಎಂದಷ್ಟೇ ಕೇಳಿದ; ಮೂರು ದಿನ ಕೇಳಿದ.

ಅದಕ್ಕೆ ಉತ್ತರವಾಗಿ ಕುಕ್ಕರ್ ಬಂತು. ಬೆಳಿಗ್ಗೆ ಹಾಕಿದರೆ ಸಂಜೆಗೆ ತಾನೇ ಬೆಂದಿರುತ್ತದೆ. ಪರೀಕ್ಷೆಗೆ ಅವಳು ಬೇಳೆ ಇಡಲಿಲ್ಲ; ಕುರುಗೋಡಿನಿಂದ ಮೈದುನ ತಂದ ಹಂದಿ ಖಂಡವನ್ನೇ ಇಟ್ಟಳು, ಅದು ಬೆಂದರೆ ಯಾವುದೂ ಬೆಂದೀತು ಎಂದು. ಬುಧವಾರ ಹೇಗೂ ಸಿರುಗುಪ್ಪದಲ್ಲಿ ತಪಾಸಣೆ ಕೆಲಸವಿತ್ತು. ತಾನು ಬರುವಷ್ಟರಲ್ಲಿ ಬೆಂದಿದ್ದರೆ ಬಡ್ತಿ ತಗೊಳ್ಳುತ್ತೇನೆ, ಇಲ್ಲದಿದ್ದರೆ ಆ ಮಾತೇ ಬೇಡ ಎಂದು ಎಲ್ಲರೆದುರು ಹೇಳಿ ಬಸ್ಸು ಹತ್ತಿದಳು.

ಹತ್ತಕ್ಕೆ ಅತ್ತೆಗೆ ಮೊದಲ ಫೋನು. ಕುಕ್ಕರಿನ ದೀಪ ಉರಿಯುತ್ತಿದೆಯೇ? ಉರಿಯುತ್ತಿದೆ. ಬೇಯುತ್ತಿದೆಯೇ? ಸ್ವಲ್ಪ ಹೊತ್ತು ಮೌನ, ಆಮೇಲೆ ಇನ್ನೂ ಇಲ್ಲವೆಂಬ ಉತ್ತರ. ಹನ್ನೊಂದಕ್ಕೆ ಕರೆಂಟಿನ ಚಿಂತೆ. ಅದು ತೀರಿದ್ದೇ ವೈರಿನ ಚಿಂತೆ ಹತ್ತಿತು, ಆಮೇಲೆ ನೀರಿನದು, ಉಪ್ಪಿನದು. ಪ್ರತಿ ಫೋನಿನ ಕೊನೆಗೂ ಬೆಂತೇ ಎಂಬ ಪ್ರಶ್ನೆ, ಮತ್ತೆ ಅದೇ ಮೌನ. ಮಧ್ಯಾಹ್ನದ ಹೊತ್ತಿಗೆ ಸಿರುಗುಪ್ಪ ಶಾಖೆಯ ಗುಮಾಸ್ತ ಜಂಬುನಾಥ ಹತ್ತಿರ ಬಂದು, ಮನೆಯವರನ್ನು ಯಾವ ಆಸ್ಪತ್ರೆಗೆ ಸೇರಿಸಿದ್ದೀರಿ ಎಂದು ಮೆಲ್ಲಗೆ ಕೇಳಿದ.

ವಾಪಸು ಬರುವಾಗ, ಕುರುಗೋಡಿಗೆ ತಿರುಗುವ ಕ್ರಾಸಿನ ಹತ್ತಿರ, ಚೀಲದಲ್ಲಿ ಕುಕ್ಕರಿನ ಪುಸ್ತಿಕೆ ಸಿಕ್ಕಿತು. ಮೂರನೆಯ ಪುಟ ಓದಿದಳು: ಮುಚ್ಚಳ ತೆಗೆಯಕೂಡದು, ಒಮ್ಮೆ ತೆಗೆದರೆ ಅರ್ಧ ಗಂಟೆ ಹೆಚ್ಚು ಬೇಯಿಸಬೇಕು. ತಾನು ಮಾಡಿದ ಫೋನುಗಳನ್ನು ಎಣಿಸಿದಳು. ಒಂಬತ್ತು. ಆ ಮೌನಗಳಲ್ಲಿ ಅತ್ತೆ ಏನು ಮಾಡುತ್ತಿದ್ದಳೆಂದು ಈಗ ಹೊಳೆಯಿತು. ಬಸ್ಸು ಓಡುತ್ತಲೇ ಇತ್ತು, ಅವಳಿಗೆ ನಿಂತಂತಿತ್ತು. ಹತ್ತನೆಯ ಫೋನು ಮಾಡಲು ಕೈ ಹೋಗಿ ಹಿಂದೆ ಬಂತು.

ಮನೆಯಲ್ಲಿ ಉಚ್ಚೆಂಗೆಮ್ಮ ಕುಕ್ಕರಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಟಿವಿ ಇಲ್ಲದ ಮಾವ ಹಂಪಯ್ಯನೂ ಅದನ್ನೇ ನೋಡುತ್ತಿದ್ದ.

"ಇದೂ ಸೀರಿಯಲ್ಲೇ ಬಿಡವಾ," ಎಂದ ಆತ. "ಎಷ್ಟು ನೋಡಿದ್ರೂ ಮುಂದಕ್ಕ ಹೋಗವಲ್ದು."

ಜ್ಯೋತಿಲಕ್ಷ್ಮಿ ಒಂದು ತುಂಡು ಒತ್ತಿ ನೋಡಿದಳು. ಬೆರಳನ್ನು ಅದು ವಾಪಸು ತಳ್ಳಿತು. ಅತ್ತೆಯನ್ನು ಕೇಳಿದಳು, ಪ್ರತಿಸಲವೂ ತೆಗೆದಿರಾ ಎಂದು.

"ನೋಡದಂಗ ಹೆಂಗ ಹೇಳ್ಲಿ? ನೀ ಕೇಳ್ತಿದ್ದಿ, ನಾ ತಗದು ನೋಡ್ತಿದ್ದೆ. ಸುಳ್ಳು ಹೇಳಾಕ ಬರಂಗಿಲ್ಲ ನಂಗ."

ಜ್ಯೋತಿಲಕ್ಷ್ಮಿ ಸೀರೆ ಬದಲಿಸದೆ ಗೋಡೆಗೆ ಒರಗಿ ಕೂತಳು. ಏಳೂವರೆಗೆ ಹಂಪಯ್ಯ ಹಸಿವೆಂದ. ಏಳೂಮುಕ್ಕಾಲಿಗೆ ಮತ್ತೊಮ್ಮೆ ಎಂದ. ತಿಪ್ಪೇಶ ಹೆಂಡತಿಯ ಮುಖ ನೋಡಿದ. ಅವಳು ಏಳಲಿಲ್ಲ. ಅವನೇ ಎದ್ದು ಖಂಡವನ್ನೆಲ್ಲ ಹಳೆಯ ಪ್ರೆಶರ್ ಕುಕ್ಕರಿಗೆ ಸುರಿದು, ಒಲೆ ಹಚ್ಚಿ, ತಾಯಿಯ ಕಡೆ ತಿರುಗಿದ.

"ಎಷ್ಟು ಸೀಟಿ ಹೊಡಸ್ಬೇಕಬೇ?"

"ಐದು," ಎಂದಳು ಉಚ್ಚೆಂಗೆಮ್ಮ. "ಸೀಟಿ ಆಗೂತನ ಅಲ್ಲೇ ನಿಂತ್ಕ. ರೊಟ್ಟಿಗೆ ಹಿಟ್ಟೂ ಕಲಸು, ಬಡಿಯೋದು ಕುಂತೇ ಹೇಳಿಕೊಡ್ತೀನಿ."

ತಿಪ್ಪೇಶ ಮಾಡಿದ ಊಟ ಒಂಬತ್ತಕ್ಕೆ ಮುಗಿಯಿತು. ಗುರುವಾರ ಜ್ಯೋತಿಲಕ್ಷ್ಮಿ ಬಡ್ತಿಗೆ ಒಪ್ಪಿಗೆ ಪತ್ರ ಕೊಟ್ಟಳು.